ಎನ್‌ಸಿ ಚೀಟಿಯಾಚೆ: ಆನ್‌ಲೈನ್ ಕಿರುಕುಳಕ್ಕೆ ರಾಜ್ಯದ ಕಾನೂನು ಬೇಕು, ಆದರೆ ಎಂಥದು?

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಿಗೆ ‘ಎನ್‌ಸಿ’ (ನಾನ್‌-ಕಾಗ್ನಿಜಬಲ್) ಎಂಬ ಮಾತು ಹೊಸದಲ್ಲ. ಮರಾಠಿಯಲ್ಲಿ ಅದು ‘ಅದಖಲ್‌ಪಾತ್ರ’, ಕಾನೂನಿನ ಕನ್ನಡದಲ್ಲಿ ‘ಅಸಂಜ್ಞೇಯ’. ದೂರನ್ನು ಪುಸ್ತಕದಲ್ಲಿ ಬರೆದುಕೊಂಡು, ಒಂದು ಪ್ರತಿ ಕೈಗಿಟ್ಟು, ಮುಂದಿನದನ್ನು ಕೋರ್ಟಿನಲ್ಲಿ ನೋಡಿಕೊಳ್ಳಿ ಎಂದು ಕಳಿಸುವ ವ್ಯವಸ್ಥೆ. ಪೊಲೀಸರ, ಕೋರ್ಟಿನ ನಡಾವಳಿ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174ರ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದರ ತನಿಖೆಗೆ ಕೈಹಾಕುವಂತಿಲ್ಲ. ಮೊಬೈಲಿಗೆ ಬರುವ ಬೈಗುಳ, ಬೆದರಿಕೆ, ಮಾನ ಕಳೆಯುವ ಪೋಸ್ಟುಗಳ ದೂರು ಎಷ್ಟೋ ಸಲ ಈ ಚೀಟಿಯ ಹತ್ತಿರ ಬಂದು ನಿಂತುಬಿಡುತ್ತದೆ.

ಆನ್‌ಲೈನ್ ಕಿರುಕುಳವನ್ನು ರಾಜ್ಯದ ಕಾನೂನಿನಡಿಯಲ್ಲೇ ಅಪರಾಧವೆಂದು ಸಾರಬೇಕು ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಮಹಾರಾಷ್ಟ್ರದಲ್ಲಿ ಇಂಥ ಪ್ರಕರಣಗಳನ್ನು ನೋಡುವ ಕನ್ನಡಿಗ ವಕೀಲರಾದ ನಾವು ಇದನ್ನು ಒಪ್ಪುತ್ತೇವೆ. ಒಪ್ಪುತ್ತಲೇ ಒಂದು ಮಾತು: ಜೈಲಿನ ವರ್ಷ ಏರಿಸುವ ಕಾನೂನಿನಿಂದ ಹೆಚ್ಚೇನೂ ಆಗದು. ಮೊದಲ ಎರಡು ದಿನದಲ್ಲಿ ಪೊಲೀಸರು ಏನು ಮಾಡಲೇಬೇಕು ಎಂದು ಬರೆದಿಟ್ಟ ಕಾನೂನು ಬೇಕು.

ಈಗಿನ ಕಾನೂನಿನಲ್ಲಿ ಏನೂ ಇಲ್ಲ ಎನ್ನುವುದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಕಲಂ 78, ಹೆಣ್ಣೊಬ್ಬಳ ಬೆನ್ನುಬೀಳುವುದನ್ನೂ ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದನ್ನೂ ಅಪರಾಧ ಮಾಡಿದೆ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಕಲಂ 79 ಇದೆ. ಆ ಕಲಂ ಬಾಯಿಮಾತಿಗೆ ಮಾತ್ರ ಎಂಬ ವಾದಕ್ಕೆ ಬಾಂಬೆ ಹೈಕೋರ್ಟ್ 2024ರ ಆಗಸ್ಟ್‌ನಲ್ಲೇ ತೆರೆ ಎಳೆದಿದೆ. ಇದೇ ಕಲಮಿನ ಹಿಂದಿನ ರೂಪವಾದ, ಹಳೆಯ ದಂಡ ಸಂಹಿತೆಯ 509ನೆಯ ಕಲಂ ಇಮೇಲಿನಲ್ಲಿ ಬರೆದ ಮಾತಿಗೂ ಅನ್ವಯಿಸುತ್ತದೆ ಎಂದು ಅದು ಹೇಳಿತು. ಈ ಎರಡೂ ಕಲಮುಗಳು ‘ದಖಲ್‌ಪಾತ್ರ’, ಅಂದರೆ ಸಂಜ್ಞೇಯ, ಎಫ್‌ಐಆರ್ ದಾಖಲಿಸಲೇಬೇಕಾದವು. ಆದ್ದರಿಂದ ಹೆಣ್ಣುಮಕ್ಕಳು ಅರ್ಜಿಯಲ್ಲಿ ‘ತೊಂದರೆ ಕೊಡುತ್ತಿದ್ದಾನೆ’ ಎಂದಷ್ಟೇ ಬರೆಯದೆ ಕಲಂ 78, 79 ಎಂದು ಅಂಕಿಯಲ್ಲೇ ನಮೂದಿಸಬೇಕು. ಅಂಕಿ ಕಂಡರೆ ಡ್ಯೂಟಿ ಆಫೀಸರ್ ಎನ್‌ಸಿ ಪುಸ್ತಕ ತೆರೆಯುವ ಮುಂಚೆ ಒಮ್ಮೆಯಾದರೂ ಯೋಚಿಸುತ್ತಾರೆ.

ತೂತು ಇರುವುದು ಬೇರೆ ಕಡೆ. ಕಲಂ 78 ಗಂಡಸು ಹೆಂಗಸಿಗೆ ಮಾಡಿದ್ದಕ್ಕೆ ಮಾತ್ರ. ಹೆಂಗಸೇ ಹೆಂಗಸಿಗೆ ಮಾಡಿದರೆ, ಹದಿನಾರರ ಹುಡುಗನಿಗೆ ಅವನ ಕಾಲೇಜಿನವರೇ ಮಾಡಿದರೆ, ಹೋಟೆಲಿನ ಕ್ಯಾಷಿಯರ್ ಒಬ್ಬನಿಗೆ ಊರಿನ ದಾಯಾದಿ ರಾತ್ರಿಯಿಡೀ ಬೈಗುಳ ಕಳಿಸುತ್ತಿದ್ದರೆ, ಹೆಚ್ಚಾಗಿ ಉಳಿಯುವುದು ಬೆದರಿಕೆಯ 351(2), ಅವಮಾನದ 352, ಮಾನಹಾನಿಯ 356. ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ ಮೂರೂ ಎನ್‌ಸಿ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಕಲಂ 67ಕ್ಕೆ ಅಶ್ಲೀಲತೆ ಬೇಕು. ಬೈಗುಳ ಬೇರೆ, ಅಶ್ಲೀಲ ಬೇರೆ ಎಂದು ವೆಬ್ ಸರಣಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬಿಡಿಸಿ ಹೇಳಿದೆ. ನಕಲಿ ಖಾತೆಗೆ ಹಾಕುವ ಅದೇ ಕಾಯ್ದೆಯ 66ಸಿ ಪಾಸ್‌ವರ್ಡ್, ಎಲೆಕ್ಟ್ರಾನಿಕ್ ಸಹಿ, ‘ಇತರ ವಿಶಿಷ್ಟ ಗುರುತು’ ಎನ್ನುತ್ತದೆ. ಕದ್ದ ಫೋಟೊ ಆ ಗುರುತಿನೊಳಗೆ ಬರುತ್ತದೋ ಇಲ್ಲವೋ ಎಂಬಲ್ಲೇ ಆರೋಪಿಯ ವಕೀಲರು ಜಗಳ ಶುರು ಮಾಡುತ್ತಾರೆ.

ಇನ್ನು ಎರಡು ಬಗೆಯ ಕಿರುಕುಳಕ್ಕೆ ನೇರ ಕಲಮೇ ಇಲ್ಲ. ಒಂದು, ಯಾರದೋ ಫ್ಲ್ಯಾಟ್ ನಂಬರು, ಫೋನು, ಮಗುವಿನ ಶಾಲೆಯ ಹೆಸರನ್ನು ‘ವಿಚಾರಿಸಿಕೊಳ್ಳಿ’ ಎಂಬ ಧಾಟಿಯಲ್ಲಿ ಸಾರ್ವಜನಿಕವಾಗಿ ಹಾಕುವುದು. ವಿಳಾಸ ಸುಳ್ಳಲ್ಲವಾದ್ದರಿಂದ ಮಾನಹಾನಿ ಆಗದು. ಹಾಕಿದವನು ತಾನಾಗಿ ಬೆದರಿಸಿಲ್ಲವಾದ್ದರಿಂದ ಬೆದರಿಕೆಯೂ ಆಗದು. ಸಿಂಗಪುರ ಇದನ್ನು 2020ರ ಜನವರಿಯಿಂದ ಪ್ರತ್ಯೇಕ ಅಪರಾಧ ಮಾಡಿದೆ. ನಮ್ಮವರ ಮಟ್ಟಿಗೆ ಇದಕ್ಕೆ ಕಚ್ಚಾಮಾಲು ಒದಗಿಸುವುದು ವಧೂವರರ ವಾಟ್ಸ್‌ಆ್ಯಪ್ ಗುಂಪುಗಳು: ಜನ್ಮದಿನಾಂಕ, ಗೋತ್ರ, ತಂದೆಯ ಮೊಬೈಲು, ಸೊಸೈಟಿಯ ಹೆಸರು, ಸಂಬಳ, ಮೂರು ಫೋಟೊ, ಎಲ್ಲವೂ ಒಂದೇ ಹಾಳೆಯಲ್ಲಿ. ಸಂಬಂಧ ನೋಡುವವರಿಗೆ ಮೊದಲ ಸುತ್ತಿನಲ್ಲಿ ಫ್ಲ್ಯಾಟ್ ನಂಬರು ಯಾಕೆ ಬೇಕೋ ತಿಳಿಯದು.

ಎರಡನೆಯದು ಗುಂಪುದಾಳಿ. ಇನ್ನೂರು ಜನ ತಲಾ ಒಂದೊಂದು ಸಂದೇಶ ಕಳಿಸಿದರೆ ಯಾರೊಬ್ಬರೂ ‘ಮತ್ತೆ ಮತ್ತೆ’ ಕಳಿಸಿದಂತಾಗುವುದಿಲ್ಲ. ಸ್ವೀಕರಿಸುವವರಿಗೆ ಅದು ಇನ್ನೂರು ಸಲ. ಹುರಿದುಂಬಿಸಿದವನ ಕೈಯಿಂದ ಹೊರಟಿದ್ದು ಒಂದೇ ಸಾಲು.

ಹಾಗಾದರೆ ಕಾನೂನು ಬರೆಯುವುದು ಹೇಗೆ? ಮೊದಲು, ಬರೆಯಬಾರದ್ದು ಹೇಗೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಪಾಠವಿದೆ. 2012ರ ನವೆಂಬರ್‌ನಲ್ಲಿ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದರು. ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿ ಒಬ್ಬಳು ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಳು. ಆಗ ಬಳಸಿದ ಐಟಿ ಕಾಯ್ದೆಯ ಕಲಂ 66ಎಯಲ್ಲಿ ‘ಕಿರಿಕಿರಿ’, ‘ಅನನುಕೂಲ’, ‘ತೀವ್ರ ಆಕ್ಷೇಪಾರ್ಹ’ ಎಂಬ ಪದಗಳಿದ್ದವು. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ಇಡಿಯಾಗಿ ಕಿತ್ತುಹಾಕಿತು. ಅದೇ ತೀರ್ಪಿನಲ್ಲಿ ಅದನ್ನೇ ಹೋಲುವ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಬಿದ್ದುಹೋಯಿತು. ಆದರೂ ಕೇರಳ ಸರ್ಕಾರ 2020ರ ನವೆಂಬರ್‌ನಲ್ಲಿ ಅಂಥದೇ 118ಎ ಎಂಬ ಕಲಮಿಗೆ ಸುಗ್ರೀವಾಜ್ಞೆ ತಂದು, ಎಲ್ಲ ಕಡೆಯಿಂದ ವಿರೋಧ ಬಂದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಸತ್ತ 66ಎಯೂ ಠಾಣೆಗಳಲ್ಲಿ ವರ್ಷಗಟ್ಟಲೆ ಓಡಾಡುತ್ತಿತ್ತು. ಅದರಡಿ ಯಾರ ಮೇಲೂ ಪ್ರಕರಣ ನಡೆಸಬಾರದು ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು.

ಮಹಾರಾಷ್ಟ್ರದ್ದೇ ಇನ್ನೊಂದು ಪಾಠ, ಹೆಣ್ಣುಮಕ್ಕಳು ಮತ್ತು ಮಕ್ಕಳ ಮೇಲಿನ ಅಪರಾಧ ತಡೆಯಲು ತಂದ ಶಕ್ತಿ ಮಸೂದೆ. ಸಂವಹನ ಸಾಧನಗಳ ಮೂಲಕ ಕೊಡುವ ಕಿರುಕುಳಕ್ಕೆ ಅದರಲ್ಲಿ ಪ್ರತ್ಯೇಕ ಕಲಮಿತ್ತು. ಜಂಟಿ ಸಮಿತಿಗೆ ಹೋಗಿ, ತಿದ್ದಿಸಿಕೊಂಡು, 2021ರ ಡಿಸೆಂಬರ್‌ನಲ್ಲಿ ಸದನದ ಒಪ್ಪಿಗೆಯನ್ನೂ ಪಡೆಯಿತು. ರಾಷ್ಟ್ರಪತಿಗಳ ಅಂಕಿತ ಸಿಗದೆ ಜಾರಿಗೆ ಮಾತ್ರ ಬರಲಿಲ್ಲ. ಅದೇ ಮಸೂದೆಯಲ್ಲಿ ಅತ್ಯಾಚಾರಕ್ಕೆ ಮರಣದಂಡನೆಯಂಥ ಭಾರದ ವಿಷಯಗಳನ್ನೂ ತುಂಬಿದ್ದರು. ಸಣ್ಣ ದೋಣಿಗೆ ಹೇರಬಾರದ ಮೂಟೆ. ತಮಿಳುನಾಡು ಬೇರೆ ದಾರಿ ಹಿಡಿಯಿತು: 1998ರಿಂದ ಇದ್ದ ತನ್ನ ಮಹಿಳಾ ಕಿರುಕುಳ ನಿಷೇಧ ಕಾಯ್ದೆಗೆ 2025ರ ಜನವರಿಯಲ್ಲಿ ತಿದ್ದುಪಡಿ ತಂದು ಡಿಜಿಟಲ್ ಕಿರುಕುಳವನ್ನೂ ಸೇರಿಸಿತು. ಹೆಣ್ಣುಮಕ್ಕಳಿಗೆ ಮಾತ್ರ ಎಂಬ ಮಿತಿ ಅಲ್ಲಿ ಉಳಿದಿದೆ, ಆದರೆ ಕಾನೂನು ಕೈಗೆ ಬಂದಿದೆ.

ರಾಜ್ಯಕ್ಕೆ ಅಧಿಕಾರವಿದೆಯೇ ಎಂಬ ಪ್ರಶ್ನೆಯನ್ನು ಬೇಗ ಮುಗಿಸಬಹುದು. ದೂರಸಂಪರ್ಕ ಕೇಂದ್ರದ ಪಟ್ಟಿಯಲ್ಲಿದೆ; ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ಪಟ್ಟಿಯಲ್ಲಿ, ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿ. ಮಹಾರಾಷ್ಟ್ರದ 1999ರ ಮಕೋಕಾದಲ್ಲಿ (ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ) ಇದ್ದ ಫೋನ್ ಕದ್ದಾಲಿಕೆಯ ಕಲಮುಗಳನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿದ್ದರೂ 2008ರಲ್ಲಿ ಸುಪ್ರೀಂ ಕೋರ್ಟ್ ಉಳಿಸಿಕೊಟ್ಟಿತು. ಇದರಿಂದ ಕರಡು ಬರೆಯುವವರು ಹಿಡಿಯಬೇಕಾದ ಸೂತ್ರ ಸರಳ: ಕಂಪನಿಗಳಿಗೆ ಗಡುವು ಹಾಕುವ ಕೆಲಸ ದೆಹಲಿಗೆ ಬಿಡಿ, ನಿಮ್ಮದೇ ಪೊಲೀಸರಿಗೆ ಗಡುವು ಹಾಕಿ. ಅದಕ್ಕೆ ಯಾರ ತಕರಾರೂ ಬರಲಾರದು.

ಗಡುವು ಯಾಕೆ ಅಷ್ಟು ಮುಖ್ಯ? ಸಾಕ್ಷ್ಯ ಆವಿಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವನು ಎರಡು ದಿನ ಹನ್ನೆರಡು ಗಂಟೆಯೊಳಗೆ ಸಂದೇಶವನ್ನು ಇಬ್ಬರ ಫೋನಿನಿಂದಲೂ ಅಳಿಸಬಹುದು. ಇನ್‌ಸ್ಟಾಗ್ರಾಂನಲ್ಲಿ ಅನ್‌ಸೆಂಡ್ ಒತ್ತಿದರೆ ಮುಗಿಯಿತು. ಖಾತೆಯ ಮಾಹಿತಿಯನ್ನು ಹಾಗೇ ಇಟ್ಟಿರಿ ಎಂದು ಪೊಲೀಸರು ಅಮೆರಿಕದ ಕಂಪನಿಗೆ ಕೋರಿದರೆ ಸಾಮಾನ್ಯವಾಗಿ 90 ದಿನ ಕಾಯ್ದಿಡುತ್ತಾರೆ, ನವೀಕರಿಸಲೂ ಬಹುದು. ಕೋರದಿದ್ದರೆ ಖಾತೆ ಅಳಿಸಿದವನೇ ಗೆದ್ದ. ಇತ್ತ ಸುರಕ್ಷಾ ಸಂಹಿತೆಯ ಕಲಂ 173(3), 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುಂಚೆ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಆ 14 ದಿನವೇ ಅಳಿಸುವವನಿಗೆ ಸಿಗುವ ರಜೆ. ದೂರು ಬಂದ 24 ಗಂಟೆಯೊಳಗೆ, ಎಫ್‌ಐಆರ್ ಆಗಿರಲಿ ಬಿಡಲಿ, ಕಾಯ್ದಿಡುವ ಕೋರಿಕೆ ಹೋಗಲೇಬೇಕು. ಹೋದದ್ದರ ನಂಬರು ದೂರುದಾರರ ಕೈಸೇರಬೇಕು. ರಾಜ್ಯದ ಕಾನೂನಿನಲ್ಲಿ ಒಂದೇ ಒಂದು ವಾಕ್ಯಕ್ಕೆ ಜಾಗವಿದ್ದರೆ ಅದು ಇದೇ ಆಗಲಿ.

ಎರಡನೆಯ ಸಿಕ್ಕು ಇರುವುದು ಶಿಕ್ಷೆಯ ಅಂಕಿಯಲ್ಲಿ. ವಿಶೇಷ ಕಾನೂನಿನಲ್ಲಿ ಬೇರೆ ಹೇಳದಿದ್ದರೆ ಸುರಕ್ಷಾ ಸಂಹಿತೆಯ ಅನುಸೂಚಿಯ ಎರಡನೆಯ ಭಾಗ ಅನ್ವಯಿಸುತ್ತದೆ: 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದರೆ ಎನ್‌ಸಿ ಮತ್ತು ಜಾಮೀನು ಸಿಗುವಂಥದ್ದು; 3ರಿಂದ 7 ವರ್ಷವಾದರೆ ಎಫ್‌ಐಆರ್ ಮತ್ತು ಜಾಮೀನಿಲ್ಲದ್ದು. ಕರಡಿನವರು ಮೆತ್ತಗಿರಲಿ ಎಂದು ‘2 ವರ್ಷದವರೆಗೆ’ ಎಂದರೆ ಮತ್ತೆ ಎನ್‌ಸಿ ಚೀಟಿಗೇ ಮರಳಿದಂತೆ. ಬಿಗಿಯಾಗಿರಲಿ ಎಂದು ‘3 ವರ್ಷದವರೆಗೆ’ ಎಂದರೆ ಸೊಸೈಟಿಯ ಗುಂಪಿನಲ್ಲಿ ನೀರಿನ ಬಿಲ್ಲಿಗಾಗಿ ಕಿತ್ತಾಡಿದವನೂ ಲಾಕಪ್ಪಿಗೆ. ಆದ್ದರಿಂದ ‘ಈ ಅಪರಾಧ ಸಂಜ್ಞೇಯ, ಆದರೆ ಜಾಮೀನಿಗೆ ಅರ್ಹ’ ಎಂದು ಅಕ್ಷರಶಃ ಬರೆಯಬೇಕು. ತನಿಖೆ ಶುರುವಾಗಲಿ, ಬಂಧನದ ಅವಸರ ಬೇಡ.

ಅಪರಾಧದ ವ್ಯಾಖ್ಯೆ ಮಾತಿನ ರುಚಿಯ ಮೇಲೆ ನಿಲ್ಲದೆ ನಡತೆಯ ಮೇಲೆ ನಿಲ್ಲಬೇಕು. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಗುರಿ ಮಾಡಿ, ಬೇಡವೆಂದ ಮೇಲೂ, ಕನಿಷ್ಠ ಎರಡು ಸಲ, ಭಯ ಹುಟ್ಟಿಸುವ ಉದ್ದೇಶದಿಂದ ಅಥವಾ ಭಯ ಹುಟ್ಟುತ್ತದೆಂದು ಗೊತ್ತಿದ್ದೂ ಮಾಡಿದ್ದು. ಅಂಥ ಉದ್ದೇಶದಿಂದ ವಿಳಾಸ, ಫೋನು ಹರಡಿದ್ದು. ಇತರರನ್ನು ಹಾಗೆ ಮಾಡಲು ಎಬ್ಬಿಸಿದ್ದು. ದೂರುದಾರರು ಗಂಡೋ ಹೆಣ್ಣೋ ಎಂಬುದು ಮುಖ್ಯವಾಗಬಾರದು. ಸಾರ್ವಜನಿಕ ಹುದ್ದೆಯಲ್ಲಿರುವವರ ಕೆಲಸದ ಟೀಕೆ, ವ್ಯಂಗ್ಯ, ವರದಿ, ಗ್ರಾಹಕರ ದೂರು, ಇವನ್ನು ಸ್ಪಷ್ಟವಾಗಿ ಹೊರಗಿಡಬೇಕು. ನಗರಸೇವಕರೊಬ್ಬರ (ಕಾರ್ಪೊರೇಟರ್) ವಾರ್ಡಿನ ಗುಂಡಿಯ ಫೋಟೊವನ್ನು ದಿನಾ ಹಾಕುವವನು ಕಿರುಕುಳ ಕೊಡುತ್ತಿಲ್ಲ. ಅವರ ಮಗಳ ಕಾಲೇಜಿನ ಗೇಟಿನ ಫೋಟೊ ಹಾಕುವವನು ಕೊಡುತ್ತಿದ್ದಾನೆ. ಮಾತಿಗೆ ಯಾವ ಕಾರಣಕ್ಕೆ ಮಿತಿ ಹಾಕಬಹುದೆಂದು ಹೇಳುವ ಸಂವಿಧಾನದ 19(2)ನೆಯ ವಿಧಿಯಲ್ಲಿ ಇಲ್ಲದ ಹೊಸ ಕಾರಣಕ್ಕೆ ಮಾತನ್ನು ನಿರ್ಬಂಧಿಸುವಂತಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿರುವುದರಿಂದ ಈ ಗೆರೆ ಎಳೆಯದ ಕಾನೂನು ಮೊದಲ ರಿಟ್ ಅರ್ಜಿಗೇ ಮಗುಚುತ್ತದೆ.

ಇನ್ನೊಂದು ಪುಟ್ಟ ಅಡಚಣೆ. ಐಟಿ ಕಾಯ್ದೆಯ ಕಲಂ 78ರ ಪ್ರಕಾರ ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿರಬಾರದು. ಬಂದೋಬಸ್ತು, ಮೋರ್ಚಾ, ಗಣೇಶೋತ್ಸವದ ನಡುವೆ ಸಾಮಾನ್ಯ ಠಾಣೆಯ ಇನ್‌ಸ್ಪೆಕ್ಟರಿಗೆ ಎಷ್ಟು ಬಿಡುವು ಸಿಗುತ್ತದೆಂದು ಊಹಿಸಿಕೊಳ್ಳಿ. ಸ್ವತಂತ್ರ ರಾಜ್ಯ ಕಾನೂನಾದರೆ ತರಬೇತಿ ಪಡೆದ ಪಿಎಸ್‌ಐಗಳಿಗೂ ತನಿಖೆ ಒಪ್ಪಿಸಬಹುದು. ತರಬೇತಿ ಎಂಬ ಮಾತಿಗೆ ಅಡಿಗೆರೆ ಹಾಕಿ ಹೇಳುತ್ತೇವೆ. 2007ರಲ್ಲಿ ಬೆಂಗಳೂರಿನ ಐಟಿ ಉದ್ಯೋಗಿಯೊಬ್ಬರನ್ನು ಆರ್ಕುಟ್ ಎಂಬ ಆಗಿನ ಜಾಲತಾಣದ ಬರಹವೊಂದಕ್ಕಾಗಿ ಪುಣೆ ಪೊಲೀಸರು ಬಂಧಿಸಿ ಕರೆತಂದರು. ಐಪಿ ವಿಳಾಸದ ಚಂದಾದಾರರ ವಿವರವೇ ತಪ್ಪಾಗಿತ್ತು. ಮಾಡದ ತಪ್ಪಿಗೆ ಅವರು ಯರವಡಾ ಜೈಲಿನಲ್ಲಿ ಕಳೆದದ್ದು 50 ದಿನ.

ಅಂಥ ತಪ್ಪು ಈಗ ಇನ್ನೂ ಸುಲಭ. ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಎಷ್ಟೋ ಫೋನುಗಳು ಹಂಚಿಕೊಂಡಿರುತ್ತವೆ. ಯಾವ ಫೋನು ಎಂದು ತಿಳಿಯಲು ಐಪಿಯ ಜೊತೆಗೆ ಪೋರ್ಟ್ ಸಂಖ್ಯೆ, ಸೆಕೆಂಡಿನ ತನಕದ ಸಮಯ, ಎರಡೂ ಬೇಕು. ಕಂಪನಿಗಳು ಕೊಡುವ ಸಮಯ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಾಖಲೆಯಲ್ಲಿ 14ನೇ ತಾರೀಕು 18:40 ಎಂದಿದ್ದರೆ ಇಲ್ಲಿ ಅದು 15ನೇ ತಾರೀಕು, ಮಧ್ಯರಾತ್ರಿ ದಾಟಿ ಹತ್ತು ನಿಮಿಷ. ಇದನ್ನು ಪರಿವರ್ತಿಸದೆ ಟೆಲಿಕಾಂ ಕಂಪನಿಗೆ ಕಳಿಸಿದ ಪತ್ರ ಯಾರದೋ ಮನೆಯ ಬಾಗಿಲು ತಟ್ಟುತ್ತದೆ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ದೂರು ಕೊಡುವವರು ಮಾಡುವ ಮೊದಲ ತಪ್ಪು, ಸಿಟ್ಟಿನಲ್ಲೋ ನಾಚಿಕೆಯಲ್ಲೋ ಚಾಟನ್ನೇ ಅಳಿಸಿಬಿಡುವುದು. ಎರಡನೆಯದು, ಬರೀ ಸಂದೇಶದ ಸ್ಕ್ರೀನ್‌ಶಾಟ್ ತೆಗೆಯುವುದು. ಪರದೆಯ ಮೇಲಿನ ಹೆಸರು ನಾಳೆ ಬದಲಾಗುತ್ತದೆ. ಪ್ರೊಫೈಲಿನ ಲಿಂಕು, ಯೂಸರ್‌ನೇಮ್, ದಿನಾಂಕ, ವೇಳೆ ಎಲ್ಲ ಕಾಣುವಂತೆ ತೆಗೆಯಬೇಕು. ಅದಕ್ಕಿಂತ ಒಳ್ಳೆಯದು ಸ್ಕ್ರೀನ್ ರೆಕಾರ್ಡಿಂಗ್: ಪ್ರೊಫೈಲ್ ತೆರೆದು, ಅಲ್ಲಿಂದ ಸಂದೇಶಕ್ಕೆ ಬಂದು, ನಿಧಾನವಾಗಿ ಮೇಲಿಂದ ಕೆಳಕ್ಕೆ ಸರಿಸುತ್ತ ಒಂದೇ ಓಟದಲ್ಲಿ. ವಾಟ್ಸ್‌ಆ್ಯಪ್ ಚಾಟನ್ನು ಚಿತ್ರಗಳ ಸಮೇತ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ವಕೀಲರಿಗೆ ಕಳಿಸುವಾಗ ಫೋಟೊವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ಅದರೊಳಗಿನ ಮಾಹಿತಿ ಉದುರಿಹೋಗುತ್ತದೆ. ಇಮೇಲನ್ನು ಫಾರ್ವರ್ಡ್ ಮಾಡಿದರೆ ಅದು ಬಂದ ದಾರಿ ಹೇಳುವ ಹೆಡರ್ ಹೋಗುತ್ತದೆ; ಮೂಲ ಕಡತವನ್ನೇ ಇಳಿಸಿಕೊಳ್ಳಿ.

ಕೋರ್ಟಿಗೆ ಇವೆಲ್ಲದರ ಮೇಲೆ ಪ್ರಮಾಣಪತ್ರ ಬೇಕು. ಜಾಲ್ನಾದ ಚುನಾವಣಾ ತಕರಾರಿನಿಂದ ಹೊರಟ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಇದನ್ನು ಕಡ್ಡಾಯ ಮಾಡಿತು. ಮೂಲ ಫೋನನ್ನೇ ಅದರ ಮಾಲೀಕ ಸಾಕ್ಷಿಕಟ್ಟೆಗೆ ತಂದರೆ ಮಾತ್ರ ವಿನಾಯಿತಿ. ಈಗಿನ ಸಾಕ್ಷ್ಯ ಅಧಿನಿಯಮದ ಕಲಂ 63ರಲ್ಲಿ ಎರಡು ಭಾಗದ ನಮೂನೆಯಿದೆ: ಮೊದಲನೆಯದು ಸಾಧನ ಯಾರ ವಶದಲ್ಲಿದೆಯೋ ಅವರದು, ಎರಡನೆಯದು ತಜ್ಞರದು, ಎರಡರಲ್ಲೂ ಕಡತದ ಹ್ಯಾಷ್ ಮೌಲ್ಯ, ಅಂದರೆ ಕಡತದ ಬೆರಳಚ್ಚಿನಂಥ ಸಂಕೇತ, ಬರೆಯಬೇಕು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹ್ಯಾಷ್ ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ತೆರೆದು ತಿದ್ದಿ, ‘ಬೇಡದ’ ಸಾಲು ತೆಗೆದು ಸೇವ್ ಮಾಡಬೇಡಿ.

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿದೊಡನೆ ಎಫ್‌ಐಆರ್ ಆಯಿತೆಂದು ತಿಳಿಯುವವರು ಬಹಳ. ಅಲ್ಲಿ ಸಿಗುವುದು ಸ್ವೀಕೃತಿ ಸಂಖ್ಯೆ ಮಾತ್ರ. ಅದನ್ನು ಹಿಡಿದು ಠಾಣೆಗೆ ಹೋಗಬೇಕು. ಮುಂಬಯಿಯಲ್ಲಿ ಐದು ವಲಯಗಳಿಗೆ ಐದು ಸೈಬರ್ ಠಾಣೆಗಳಿವೆ. ಆದರೂ ಮನೆ ಹತ್ತಿರದ ಠಾಣೆ ‘ನಮ್ಮ ಹದ್ದಲ್ಲ’ ಎನ್ನುವಂತಿಲ್ಲ: ಸುರಕ್ಷಾ ಸಂಹಿತೆಯ ಕಲಂ 173ರಡಿ ಯಾವ ಠಾಣೆಯಾದರೂ ಜೀರೋ ಎಫ್‌ಐಆರ್ ಬರೆದುಕೊಳ್ಳಬೇಕು. ಕಳಿಸಿದವನು ಕಲಬುರಗಿಯಲ್ಲಿರಲಿ, ದುಬೈಯಲ್ಲಿರಲಿ, ಪರಿಣಾಮ ಆದದ್ದು ಡೊಂಬಿವಲಿಯಲ್ಲಾದರೆ ಅಲ್ಲೂ ವಿಚಾರಣೆ ನಡೆಯಬಹುದು. ನಿರಾಕರಿಸಿದರೆ 173(4)ರ ಪ್ರಕಾರ ಡಿಸಿಪಿಗೆ ಲಿಖಿತ ದೂರು, ಆಮೇಲೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ 175(3)ರ ಅರ್ಜಿ. ಖಾಸಗಿ ಚಿತ್ರಗಳ ವಿಷಯವಾದರೆ ಪೊಲೀಸರಿಗಾಗಿ ಕಾಯದೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳು ಅಂಥ ಚಿತ್ರ ತೆಗೆಯಲು ಹೆಚ್ಚೆಂದರೆ 24 ಗಂಟೆ ಕೊಟ್ಟಿದ್ದವು. ಸಾಲದ ಆ್ಯಪ್‌ನವರು ಕಾಂಟ್ಯಾಕ್ಟ್ ಪಟ್ಟಿಯಲ್ಲಿರುವವರಿಗೆಲ್ಲ ತಿದ್ದಿದ ಫೋಟೊ ಕಳಿಸುವುದಾಗಿ ಹೆದರಿಸಿದರೆ, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿರುವುದನ್ನು ಅರ್ಜಿಯಲ್ಲಿ ಸೇರಿಸಿ.

ಕೊನೆಗೆ, ಹೊರನಾಡ ಕನ್ನಡಿಗರದೇ ಆದ ತೊಡಕು. ಬೆದರಿಕೆ ಬರುವುದು ಕನ್ನಡದಲ್ಲಿ, ತುಳುವಿನಲ್ಲಿ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಠಾಣೆಯಲ್ಲಿ ಬರೆಯುವುದು ಮರಾಠಿಯಲ್ಲಿ. ‘ನಿನ್ನ ನೋಡ್ಕೋತೀನಿ’ ಎಂಬುದನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ನಿನ್ನ ಆರೈಕೆ ಮಾಡುತ್ತೇನೆ’ ಎಂಬ ಅರ್ಥವೂ ಬಂದೀತು. ‘ವಿಚಾರಿಸ್ಕೋತೀನಿ’ ಕುಶಲ ಕೇಳಿದಂತೆ ಕಂಡೀತು. ತಮಾಷೆಯೆಂದರೆ ಮರಾಠಿಯ ‘ಬಘೂನ್ ಘೇಯಿನ್’ ಇದಕ್ಕೆ ಪದಕ್ಕೆ ಪದ ಜೋಡಿ. ಬಾಯಲ್ಲಿ ಹೇಳಿದರೆ ಹವಾಲ್ದಾರರಿಗೆ ಕೂಡಲೇ ಹೊಳೆಯುತ್ತದೆ, ಯಂತ್ರದಿಂದ ತೆಗೆದ ಹಾಳೆಯಲ್ಲಿ ಹೊಳೆಯುವುದಿಲ್ಲ. ಅರ್ಜಿಯ ಜೊತೆ ಮೂರು ಕಾಲಮಿನ ಪಟ್ಟಿ ಲಗತ್ತಿಸಿ: ಸಂದೇಶ ಬಂದ ಹಾಗೆಯೇ, ಅದರ ಕನ್ನಡ ಲಿಪಿಯ ಓದು, ಮರಾಠಿ ಅರ್ಥ. ಊರಿನ ಹೆಸರು, ಮನೆತನದ ಸೂಚನೆ, ಜಾತಿ ಹೇಳಿ ಚುಚ್ಚಿದ್ದು ಇದ್ದರೆ ಕೆಳಗೆ ಒಂದು ಸಾಲಿನ ವಿವರಣೆ. ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಎರಡೂ ಭಾಷೆ ಬರೆಯಬಲ್ಲ ನಿವೃತ್ತ ಶಿಕ್ಷಕರಿದ್ದಾರೆ; ಠಾಣೆಗೆ ಬೇಕಾದಾಗ ಕರೆಯಬಹುದಾದ ಹತ್ತು ಹೆಸರುಗಳ ಪಟ್ಟಿಯನ್ನು ಸಂಘಗಳು ವಲಯದ ಸೈಬರ್ ಠಾಣೆಗೆ ಈಗಲೇ ಕೊಟ್ಟಿಡಬಹುದು. ಅದಕ್ಕೆ ವಿಧಾನಸಭೆಯ ಅಧಿವೇಶನ ಬೇಕಿಲ್ಲ.

ಸೈಬರ್ ಪ್ರಕರಣಗಳನ್ನು ನಡೆಸುವ ಕನ್ನಡಿಗ ವಕೀಲರು
ದಾದರ್, ಮುಂಬಯಿ